ಅಕ್ಕನ ಹೊಟ್ಟೆಯೊಳಗಿನ ಗುರೆಳ್ಳು

ಲಕ್ಷ್ಮೇಶ್ವರದಲ್ಲಿ ನಮ್ಮದು ಕಾಳುಕಡಿ ವ್ಯಾಪಾರ. ಯಾರೇ ಚೀಲ ತಂದಿಳಿಸಲಿ, ಮೇಲೆ ಕಾಣುವ ಕಾಳನ್ನು ನಾನು ನಂಬುವವನಲ್ಲ. ಈ ಗುಣವನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಬರಬೇಕೆಂದು ಹೆಂಡತಿಯ ತಕರಾರು. ನನ್ನಿಂದ ಆಗಿಲ್ಲ, ಆಗುವ ಹಾಗೂ ಕಾಣುವುದಿಲ್ಲ. ದವಾಖಾನೆಯ ವಿಷಯದಲ್ಲಂತೂ ಸಾಧ್ಯವೇ ಇಲ್ಲ.

ಹೋದ ವರ್ಷ ಹಮ್ಮಿಗಿಯಲ್ಲಿರುವ ನನ್ನ ಅಕ್ಕ ಬಿಳಚಿಕೊಂಡಳು. ಅಂಗಳ ದಾಟುವಷ್ಟರಲ್ಲಿ ಏದುಸಿರು. ಪರೀಕ್ಷೆ ಮಾಡಿಸಿದರೆ ಮೈಯಲ್ಲಿ ರಕ್ತವೇ ಇಲ್ಲ ಅಂದರು. ಮುಟ್ಟು ನಿಂತು ವರ್ಷಗಳಾದ ಹೆಂಗಸಿನ ರಕ್ತ ಎಲ್ಲಿ ಸೋರಿ ಹೋಗುತ್ತಿದೆ? ನಮ್ಮ ಅವ್ವನೂ ಹೀಗೇ ಬಿಳಚಿಕೊಂಡು, ಕೊನೆಗೆ ಕರುಳಿನ ಕ್ಯಾನ್ಸರಿನಲ್ಲಿ ತೀರಿಕೊಂಡವಳು. ಆ ಮಾತನ್ನು ನಾನೂ ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಗದಗಿನ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ.

ಅವರು ತುದಿಯಲ್ಲಿ ಕ್ಯಾಮೆರಾ ಇರುವ ತೆಳ್ಳನೆಯ ಕೊಳವೆಯನ್ನು ಬಾಯಿಂದ ಇಳಿಸಿ ಅನ್ನನಾಳ, ಜಠರ ಎಲ್ಲ ನೋಡಿದರು. "ಒಳಗ ಸ್ವಲ್ಪ ಕೆಂಪಾಗೈತ್ರಿ. ಆದ್ರ ಇಷ್ಟು ರಕ್ತ ಹೋಗಾಕ ಇದೊಂದ ಕಾರಣ ಅಂತ ನನಗ ಅನಸೂದಿಲ್ಲ. ಕೆಳಗಿನಿಂದ ದೊಡ್ಡ ಕರುಳೂ ನೋಡಬೇಕು" ಅಂದರು.

ನನಗೆ ಅಲ್ಲೇ ದುಡ್ಡು ಕೀಳುವ ಆಟದ ವಾಸನೆ ಬಡಿಯಿತು. ಮೇಲೆ ಏನೂ ಸಿಗಲಿಲ್ಲವೆಂದು ಈಗ ಕೆಳಗೆ, ನಾಳೆ ಇನ್ನೆಲ್ಲಿಯೋ.

ಊರಿಗೆ ಬಂದು ನಾಲ್ಕು ಮಂದಿಯನ್ನು ವಿಚಾರಿಸಿದೆ. ಪಕ್ಕದ ಅಂಗಡಿಯವನ ಮಾವನಿಗೆ ಮೂತ್ರದಲ್ಲಿ ರಕ್ತ ಬಂದಾಗ ಮೂತ್ರಕೋಶದೊಳಗೇ ಕೊಳವೆ ಹಾಕಿ ನೋಡಿದ್ದರಂತೆ. ಶಿರಹಟ್ಟಿಯ ನಮ್ಮ ಬೀಗರು ನಗುತ್ತ ಅಡಿಕೆ ಅಗಿಯುವಾಗ ಚೂರೊಂದು ಉಸಿರಿನ ದಾರಿಗೆ ಜಾರಿದಾಗ, ಅಲ್ಲಿಗೂ ಕೊಳವೆ ಇಳಿಸಿ ಅದರಿಂದಲೇ ಚೂರು ಹಿಡಿದು ತೆಗೆದಿದ್ದರಂತೆ. ಯಳವತ್ತಿಯ ರೈತನೊಬ್ಬನಿಗೆ ಮೊಣಕಾಲಿಗೆ ಸಣ್ಣ ತೂತು ಮಾಡಿ, ಒಳಗೆ ಹರಿದದ್ದನ್ನು ನೋಡಿ ಸರಿಮಾಡಿದ್ದರಂತೆ. ಮೂವರೂ ಆರಾಮಾಗಿ ಓಡಾಡಿಕೊಂಡಿದ್ದರು, ಆದರೆ ಅದು ನನ್ನ ತಲೆಗೆ ಹೋಗಲಿಲ್ಲ. ಮೈಯಲ್ಲಿ ಎಷ್ಟು ತೂತಿವೆಯೋ ಅಷ್ಟು ಕೊಳವೆ ಇವರ ಹತ್ತಿರ ಇವೆ, ಸಾಲದಿದ್ದರೆ ಹೊಸ ತೂತು ಕೊರೆಯುತ್ತಾರೆ ಎಂದು ಹೆಂಡತಿಯ ಮುಂದೆ ಕೂಗಾಡಿದೆ.

"ನೀವು ಸುಮ್ಮ ಕುಂಡ್ರಿ. ಅಕ್ಕಾರ ಮುಖ ನೋಡೀರೇನು? ಜಲ್ದಿ ಕರಕೊಂಡು ಹೋಗ್ರಿ" ಅಂದಳು ಅವಳು.

ಅಕ್ಕ ನಮ್ಮ ಮನೆಗೆ ಬಂದಳು. ಪರೀಕ್ಷೆಗೆ ಮೊದಲು ಕೆಲವು ದಿನ ರೊಟ್ಟಿ, ಸೊಪ್ಪು, ಬೀಜ ಯಾವುದೂ ಕೂಡದು, ಬರೀ ಅನ್ನ ಮೊಸರು. ಹಿಂದಿನ ದಿನ ಉಪ್ಪುಪ್ಪು ಔಷಧಿ ನೀರು ಕುಡಿದು ಕರುಳು ಖಾಲಿ ಮಾಡಿಕೊಳ್ಳಬೇಕು ಎಂದು ನರ್ಸಬಾಯಿ ಹೇಳಿದ್ದಳು. ಹೆಂಡತಿ ಶೇಂಗಾ, ಅಗಸಿ, ಗುರೆಳ್ಳು ಹಿಂಡಿಯ, ಅಂದರೆ ತರಿತರಿಯಾಗಿ ಕುಟ್ಟಿದ ಚಟ್ನಿಪುಡಿಯ ಡಬ್ಬಿಗಳನ್ನೆಲ್ಲ ಅಟ್ಟಕ್ಕೇರಿಸಿದಳು. ಅಕ್ಕ ತಕರಾರಿಲ್ಲದೆ ಮೊಸರನ್ನ ಉಂಡಳು, ಔಷಧಿ ನೀರನ್ನೂ ಮುಖ ಕಿವಿಚಿಕೊಂಡು ಕುಡಿದಳು.

ಅವಳನ್ನು ಒಳಗೆ ಕರೆದೊಯ್ದ ಸ್ವಲ್ಪ ಹೊತ್ತಿಗೆ ಡಾಕ್ಟರರು ನನ್ನನ್ನು ಕರೆದರು. "ಏನೂ ಕಾಣವಲ್ದು. ಇನ್ನೊಂದು ಸಲ ಮಾಡಬೇಕಾಗತೈತ್ರಿ."

"ಇನ್ನೊಂದು ಸಲಾ? ಹಿಂಗ ಅಂತೀರಿ ಅಂತ ನನಗ ಮೊದಲ ಗೊತ್ತಿತ್ರಿ" ಎಂದು ಏರಿದ ದನಿಯಲ್ಲಿ ಅಂದೆ.

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಗುಲಾಬಿ ಬಣ್ಣದ ಕರುಳಿನ ಗೋಡೆಗೆ ಕರಿ ಕಾಳು ರಾಶಿರಾಶಿ ಅಂಟಿಕೊಂಡಿತ್ತು. ನೀರು ಚಿಮ್ಮಿಸಿದರೂ ಹೋಗುತ್ತಿರಲಿಲ್ಲ, ಹೀರಲು ಹೋದರೆ ಕೊಳವೆಯೇ ಕಟ್ಟಿಕೊಳ್ಳುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಸಣ್ಣ, ಉದ್ದನೆಯ, ಹೊಳಪಿನ ಕಾಳು. ಅಪ್ಪಟ ಗುರೆಳ್ಳು. ಹುಟ್ಟಿದಾಗಿನಿಂದ ಆ ಮಾಲಿನ ನಡುವೆ ಬೆಳೆದವನು ನಾನು, ಗುರುತು ತಪ್ಪುವುದಿಲ್ಲ.

"ಹಿಂಡಿ ಅಂದ್ರ ಊಟ ಏನೋ ತಮ್ಮಾ? ಬರೇ ಮೊಸರನ್ನ ಗಂಟಲದಾಗ ಇಳೀಲಿಲ್ಲ, ಒಂಚೂರು ಹಚಗೊಂಡೆ" ಅಂದಳು ಅಕ್ಕ, ಮಂಪರು ಇಳಿದ ಮೇಲೆ. ನಮ್ಮ ಕಡೆ ಹಿಂಡಿಯನ್ನು ಯಾರೂ ಊಟವೆಂದು ಎಣಿಸುವುದಿಲ್ಲ. ನಿನ್ನೆ ಏನು ಉಂಡಿರೆಂದು ಕೇಳಿದರೆ ರೊಟ್ಟಿ ಪಲ್ಯ ಅನ್ನುತ್ತಾರೆಯೇ ಹೊರತು ಹಿಂಡಿಯ ಹೆಸರು ಬಾಯಿಗೆ ಬರುವುದಿಲ್ಲ. ಹಾಗಾಗಿ ಅಕ್ಕನ ಮಾತು ನನಗೆ ಪೂರ್ತಿ ಒಪ್ಪಿಗೆಯಾಯಿತು. ಬಿಡಿಸಿ ಹೇಳಲಿಲ್ಲವೆಂದು ನರ್ಸಬಾಯಿಯ ಮೇಲೆ ಹರಿಹಾಯ್ದೆ. ಮನೆಗೆ ಬಂದು, ಡಬ್ಬಿ ಕೈಗೆ ಸಿಗುವ ಹಾಗೆ ಇಟ್ಟಿದ್ದಿ ಎಂದು ಹೆಂಡತಿಯನ್ನು ಬೈದೆ. "ಡಬ್ಬಿ ಅಟ್ಟದ ಮ್ಯಾಲ ಇಟ್ಟಾಂಗ ಅದಾವ, ಹತ್ತಿ ನೋಡ್ರಿ" ಅಂದಳು. ನಾನು ಹತ್ತಿ ನೋಡಲಿಲ್ಲ, ಸುಳ್ಳು ಹೇಳುತ್ತಿದ್ದಾಳೆ ಅಂದುಕೊಂಡೆ.

ಮುಂದಿನ ವಾರದ ಪರೀಕ್ಷೆಯಲ್ಲಿ ಕರುಳು ತೊಳೆದಿಟ್ಟಷ್ಟು ಸ್ವಚ್ಛವಿತ್ತು. ಒಳಗೊಂದು ಗಂಟು ಬೆಳೆದು, ಅದರಿಂದ ರಕ್ತ ಒಸರುತ್ತಿತ್ತು. ಅದೇ ಕೊಳವೆಯೊಳಗಿಂದ ತಂತಿಯ ಕುಣಿಕೆ ಹಾಕಿ ಅಲ್ಲೇ ಕತ್ತರಿಸಿ ತೆಗೆದು, ತುಣುಕನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವತನಕ ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ಬೇರೆ ಯಾರದೋ ತುಣುಕಿನ ಜೊತೆ ಅದಲುಬದಲಾದರೆ ಎಂದು ಅದರ ಮೇಲೂ ಅನುಮಾನ. ಕೊನೆಗೆ ಕ್ಯಾನ್ಸರ್ ಅಲ್ಲ ಎಂದು ಬಂತು. "ಹಂಗ ಬಿಟ್ಟಿದ್ರ ಮುಂದ ಆಗಬಹುದಿತ್ತು" ಅಂದರು ಡಾಕ್ಟರರು. ಅವರ ಕೈ ಹಿಡಿದುಕೊಂಡೆ.

ಬಸ್ಸು ಗದಗ ದಾಟಿದ ಮೇಲೆ ಅಕ್ಕ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದಳು: "ಅವತ್ತ ಹಿಂಡಿ ಬೇಕಂತನ ತಿಂದಿದ್ದೆ. ನಮ್ಮ ಮನಿಯಿಂದ ಗಂಟು ಕಟಗೊಂಡು ಬಂದಿದ್ದೆ. ಡಾಕ್ಟರಿಗೆ ಒಳಗ ಏನೂ ಕಾಣಬಾರ್ದು ಅಂತ. ಅವ್ವಂದು ಕಂಡ ಮ್ಯಾಲೆ ಆಕಿ ಎಷ್ಟು ದಿನ ಉಳದ್ಲು, ಹೇಳು?"

ಸಿಟ್ಟು ಬಂತು, ಅದರ ಬೆನ್ನಿಗೇ ಅಳುವೂ ಬಂತು. "ಮತ್ತ ಎರಡನೇ ಸಲ ಯಾಕ ತಿನ್ನಲಿಲ್ಲ?" ಎಂದು ಕೇಳಿದೆ.

"ಡಾಕ್ಟರು, ನರ್ಸಬಾಯಿ, ನಿನ್ನ ಹೇಣತಿ, ಎಲ್ಲಾರ ಮ್ಯಾಲೂ ಅನುಮಾನ ಪಟ್ಟಿ. ನನ್ನ ಒಬ್ಬಾಕಿನ್ನ ನಂಬಿದಿ. ನಂಬಿದಾಂವಗ ಮತ್ತೊಮ್ಮೆ ಮೋಸ ಮಾಡಾಕ ಮನಸ್ಸಾಗಲಿಲ್ಲೋ ತಮ್ಮಾ."