ಅತ್ತೆಯ ನೆಲದೊಲೆ

ಆಗೆಲ್ಲ ಸಿಂಧಘಟ್ಟದಲ್ಲಿ ಅವರೆಕಾಯಿ ಕಾಲವೆಂದರೆ ಬೀದಿಯೆಲ್ಲ ಸೊಗಡು. ಸಿಪ್ಪೆಯನ್ನು ದನಕ್ಕೆ ಹಾಕಿ ಬಂದ ನಮ್ಮ ಕೈಯಲ್ಲೂ ಅದೇ ವಾಸನೆ. ಶಾಲೆ ಬಿಟ್ಟೊಡನೆ ನಾನು ಓಡುತ್ತಿದ್ದುದು ಹಿತ್ತಿಲ ಕಡೆಯ ಕೋಣೆಗೆ. ಅಲ್ಲಿ ಅಪ್ಪನ ಅಕ್ಕ, ನಮ್ಮ ಜಯತ್ತೆ, ತನ್ನದೇ ಒಲೆ ಹೂಡಿಕೊಂಡಿದ್ದಳು. ಚಿಕ್ಕಂದಿನ ಜ್ವರದಲ್ಲಿ ಅವಳ ಎರಡೂ ಕಾಲು ಸೋತಿದ್ದವು. ಅಂಗೈ ಊರಿ ಜರುಗುತ್ತಲೇ ಎಲ್ಲ ಕೆಲಸ ಮಾಡುತ್ತಿದ್ದಳು. ಒಲೆ, ಒರಳು, ಈಳಿಗೆಮಣೆ, ಉಪ್ಪಿನ ಮಡಕೆ ಎಲ್ಲವೂ ನೆಲದ ಮೇಲೆ, ಕೈಗೆಟುಕುವಂತೆ. ಪಾತ್ರೆ ಅಲುಗದಂತೆ ಕವೆಗೋಲನ್ನು ತೊಡೆಯಡಿ ಒತ್ತಿಕೊಂಡು ಅವಳು ಹಿಟ್ಟು ತೊಳಸಿದರೆ ಮುದ್ದೆಯಲ್ಲಿ ಗಂಟೆಂಬುದು ಇರುತ್ತಿರಲಿಲ್ಲ.

“ಅತ್ತೆ, ಏನ್ ಸಾರು?” ಎಂದು ಬಾಗಿಲಲ್ಲೇ ಕೇಳುತ್ತಿದ್ದೆ.

“ಮೂಗಿಲ್ವೇನೇ ನಿಂಗೆ?” ಎನ್ನುತ್ತಿದ್ದಳು.

ಆ ವರ್ಷ ಅವಳು ಮದುವೆಗೆಂದು ನಾಗಮಂಗಲದ ನೆಂಟರ ಮನೆಗೆ ಹೋಗಿದ್ದಳು. ಅಕ್ಕ ಇನ್ನು ಹೊಗೆ ಕುಡಿಯಬಾರದೆಂದು ಅಪ್ಪ ಅಷ್ಟರಲ್ಲೇ ಅವಳ ಒಲೆ ಕೀಳಿಸಿ, ಕಡಪ ಕಲ್ಲಿನ ಕಟ್ಟೆ ಕಟ್ಟಿಸಿ ಗ್ಯಾಸ್ ಇಡಿಸಿದರು. ಎಲ್ಲರ ಮನೆಯಲ್ಲಿರುವಷ್ಟೇ ಎತ್ತರಕ್ಕೆ. ಅಮ್ಮ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ನಮಗ್ಯಾರಿಗೂ ಏನೂ ಹೊಳೆಯಲಿಲ್ಲ.

ಅತ್ತೆ ಬಂದು ಕಟ್ಟೆಯ ಕೆಳಗೆ ಕೂತು ತಲೆಯೆತ್ತಿ ನೋಡಿದಳು. ಒಲೆ ಅವಳ ನೆತ್ತಿಗಿಂತ ಮೇಲಿತ್ತು.

ಅಪ್ಪನ ಮುಖ ಸಪ್ಪಗಾಯಿತು. “ಓಗ್ಲಿ ಬುಡಕ್ಕ. ನಾವೇ ಮಾಡಿ ತಂದಿಕ್ತೀವಿ. ನೀನು ಕೂತ್ಕಂಡು ಉಣ್ಣು.”

“ಇಲ್ಲೀಗಂಟ ಕೂತ್ಕಂಡೇ ಮಾಡ್ದೆ ಕಣ್ಲಾ,” ಎಂದಳು ಅತ್ತೆ. “ನನ್ನೊಲೆ ಕೆಳಕ್ಕೆ ಇಳಿಸ್ಕೊಡು.”

“ಗ್ಯಾಸೊಲೆ ನೆಲದ ಮೇಲೆ ಇಡಂಗಿಲ್ವಂತೆ ಕಣಕ್ಕ.”

ಮಾರನೆಯ ಬೆಳಿಗ್ಗೆ ಅವಳು ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಎಸರಿಟ್ಟಳು. ಅದನ್ನು ಕಂಡ ಅಪ್ಪ, “ಅಕ್ಕನ್ನ ಆಚೆಗಾಕವ್ನೆ ಅಂತ ಊರು ಆಡ್ಕತದೆ,” ಎಂದು ಎಸರು ಇಳಿಸಿ, ಕಲ್ಲುಗಳನ್ನು ಬೇಲಿಯಾಚೆ ಹಾಕಿದರು. ಅತ್ತೆ ಅಂಗೈ ಊರಿ ಒಳಕ್ಕೆ ಜರುಗಿದಳು.

ಅಂದಿನಿಂದ ಅಮ್ಮ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿ ಕೊಡುತ್ತಿದ್ದಳು. ನಾನು ಒಯ್ಯುತ್ತಿದ್ದೆ. ಒಂದು ಸಂಜೆ ಅತ್ತೆ ಗೋಡೆಗೊರಗಿ ಕೂತಿದ್ದಳು. ಅಂಗೈಯ ಮಸಿಯೆಲ್ಲ ಹೋಗಿ ಬೆಳ್ಳಗಾಗಿತ್ತು.

“ಏನ್ ಸಾರವ್ವ ಇವತ್ತು?” ಎಂದಳು.

ಅವರೆಕಾಳಿನ ಸೊಗಡು ಕೋಣೆಯನ್ನೆಲ್ಲ ತುಂಬಿತ್ತು. ‘ಮೂಗಿಲ್ವೇನೇ’ ಎನ್ನುತ್ತಿದ್ದವಳಿಗೆ ನಾನು ಮುಚ್ಚಿದ ತಟ್ಟೆ ತೆಗೆದು, “ಅವರೆಕಾಳು ಸಾರು ಅತ್ತೆ,” ಎಂದೆ.

ಅತ್ತೆ ಹೋಗಿ ಬಹಳ ಕಾಲವಾಯಿತು. ಶ್ರೀರಂಗಪಟ್ಟಣದ ನನ್ನ ಬಾಡಿಗೆ ಮನೆಯಲ್ಲೂ ಕಟ್ಟೆ ಸೊಂಟದೆತ್ತರಕ್ಕಿದೆ. ಅವರೆಕಾಯಿ ತಂದ ದಿನ ಅದರ ಕೆಳಗೆ ನೆಲದ ಮೇಲೆ ಕೂತು ಬಿಡಿಸುತ್ತೇನೆ. ಅಲ್ಲಿಂದ ತಲೆಯೆತ್ತಿದರೆ ಒಲೆ ಕಾಣುವುದಿಲ್ಲ. ಕಲ್ಲಿನ ಅಂಚು ಮಾತ್ರ ಕಾಣುತ್ತದೆ.