ತಲೆಯ ಮೇಲಿನ ಪುಟ್ಟಿ

ಕಪ್ಪು ಇಂಕಿನಲ್ಲಿ ಚಿತ್ರ ಬರೆಯುವ ನಾನು ಪೆನ್ಸಿಲ್ ಮುಟ್ಟುವುದಿಲ್ಲ. ಜಂಬ ಅನ್ನಿ. ಯಾರಾದರೂ ಒಂದು ಕಥೆ ಹೇಳಿದರೆ ಸಾಕು, ಬಿಳಿ ಹಾಳೆಯ ಮೇಲೆ ನೇರವಾಗಿ ನಿಬ್ಬು ಇಳಿಸುತ್ತೇನೆ. ಹಲಸೂರು ಕೆರೆಯ ಮೀನು ಆಟೋ ಹತ್ತುತ್ತದೆ, ಶಿವಾಜಿನಗರದ ಮೇಕೆ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತದೆ. ಹಾಗಾಗಿ ಕಥೆ ಇದೆ ಅಂದವರನ್ನು ನಾನು ಸುಮ್ಮನೆ ಬಿಡುವವಳಲ್ಲ. ಆಮೇಲೆ, ಆಮೇಲೆ ಎಂದು ಪ್ರಾಣ ತಿನ್ನುತ್ತೇನೆ.

ಕಗ್ಗದಾಸಪುರದಲ್ಲಿ ನಮ್ಮ ಬಿಲ್ಡಿಂಗಿನ ಟೆರೇಸಿನ ರೂಮಿಗೆ ರಾಯಚೂರು ಕಡೆಯ ಹೆಂಗಸೊಬ್ಬಳು ಬಾಡಿಗೆಗೆ ಬಂದಳು. ಇಂದಿರಾನಗರದ ಯಾವುದೋ ಆಫೀಸಿನಲ್ಲಿ ಹೌಸ್‌ಕೀಪಿಂಗ್ ಕೆಲಸ. ಬಟ್ಟೆ ಒಣಹಾಕುವಾಗ ಮಾತು ಬೆಳೆಯಿತು. ನನ್ನ ಮೇಕೆಯನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವಳು, ಸ್ವಲ್ಪ ಹೊತ್ತಾದ ಮೇಲೆ ತನ್ನವ್ವನ ಚಿತ್ರ ಬರೆದುಕೊಡಲು ಆಗುತ್ತದಾ ಎಂದು ಕೇಳಿದಳು. ಅವ್ವ ತೀರಿಕೊಂಡು ಬಹಳ ವರ್ಷವಾಗಿತ್ತು. ಒಂದೇ ಒಂದು ಫೋಟೋ ಇರಲಿಲ್ಲ. ಬರಬರುತ್ತಾ ಮುಖವೇ ಮರೆತುಹೋಗುತ್ತಿದೆ ಎಂಬ ಹೆದರಿಕೆ ಅವಳಿಗೆ.

ಕಾಣದ ಮುಖವನ್ನು ಹೇಗೆ ಬರೆಯಲಿ? ಕೇಳಿ ಕೇಳಿ ಬರೆದೆ. ಅಗಲ ಹಣೆ, ಎರಡೂ ಕಡೆ ಮೂಗುತಿ, ನಕ್ಕರೆ ಒಂದು ಕಣ್ಣು ಮಾತ್ರ ಸಣ್ಣಗಾಗುವುದು. ರದ್ದಿ ಕಾಗದದ ಮೇಲೆ ಹತ್ತಾರು ಮುಖ ಆದಮೇಲೆ, ಒಂದನ್ನು ನೋಡಿ ಅವಳು ಹೂಂ ಅಂದಳು. ಅವ್ವನ ಒಂದು ಕಥೆ ಹೇಳಿ ಅಂದೆ.

"ನಮ್ಮವ್ವ ತಲಿ ಮ್ಯಾಲ ಪುಟ್ಟಿ ಇಟ್ಕೊಂಡು, ಎರಡೂ ಕೈ ಬಿಟ್ಟು ಹಳ್ಳ ದಾಟತಿದ್ಲರಿ. ಒಮ್ಮೆನೂ ಬೀಳಿಸಿಲ್ಲ."

ನನಗೋ ಕುಣಿಯುವಷ್ಟು ಖುಷಿ. ತಲೆಯ ಮೇಲೆ ಪುಟ್ಟಿ! ನಮ್ಮ ಮನೆಯಲ್ಲಿ ನನ್ನನ್ನು ಈಗಲೂ ಪುಟ್ಟಿ ಅಂತಲೇ ಕರೆಯುವುದು. ನೂರು ಪ್ರಶ್ನೆ ಕೇಳುವವಳು ಅವತ್ತು ಯಾವ ಪುಟ್ಟಿ ಎಂದು ಮಾತ್ರ ಕೇಳಲಿಲ್ಲ.

ಭಾನುವಾರ ಚಿತ್ರ ಕೊಟ್ಟೆ. ಅವಳು ಅವ್ವನ ಮುಖದ ಸುತ್ತ ಬೆರಳಾಡಿಸಿದಳು. ಅದೇ ಕಣ್ಣು ಅಂದಳು. ಆಮೇಲೆ ಬೆರಳು ಮೇಲಕ್ಕೆ ಹೋಯಿತು. ಅಲ್ಲಿ ಅಗಲವಾಗಿ ಲಂಗ ಹರಡಿಕೊಂಡು, ಎರಡು ಜಡೆಯ ಹುಡುಗಿಯೊಬ್ಬಳು ಕೂತಿದ್ದಳು.

"ಇದ್ಯಾರ್ರಿ ಅಕ್ಕಾರ?"

"ನೀವೇ ಹೇಳಿದ್ರಲ್ಲ, ಪುಟ್ಟಿ ಅಂತ."

ಅವಳು ಪೆಚ್ಚಾಗಿ ನನ್ನ ಮುಖ ನೋಡಿದಳು. ರೂಮಿಗೆ ಹೋಗಿ, ರೊಟ್ಟಿ ತುಂಬಿಡುವ ಬಿದಿರು ಬುಟ್ಟಿ ತಂದು ಮುಂದಿಟ್ಟಳು. ಅವರ ಕಡೆ ಪುಟ್ಟಿ ಅಂದರೆ ಅದು.

ಮೂರು ಭಾಷೆ ಬರುತ್ತದೆಂಬ ನನ್ನ ಜಂಬಕ್ಕಿಷ್ಟು! ಮಾತು ಆಡಿದರೆ ಹೋಯಿತು ಅನ್ನುತ್ತಾರಲ್ಲ, ಇಂಕೂ ಹಾಗೆಯೇ, ಅಳಿಸಲಾಗದು. ಹರಿದುಬಿಡಿ, ಬೇರೆ ಬರೆಯುತ್ತೇನೆ ಅಂದೆ. ಆದರೆ ಆ ಮುಖ ಇನ್ನೊಂದು ಸಲ ಹಾಗೇ ಬರುತ್ತದೆಂಬ ನಂಬಿಕೆ ನನಗೇ ಇರಲಿಲ್ಲ. ಅವಳು ಹಾಳೆಯನ್ನು ಎದೆಗೆ ಒತ್ತಿಕೊಂಡುಬಿಟ್ಟಳು.

"ಹರಿಬ್ಯಾಡ್ರಿ. ಸಣ್ಣಾಕಿ ಇದ್ದಾಗ ನನ್ನೂ ಪುಟ್ಟಿಯೊಳಗ ಕುಂದ್ರಿಸ್ಕೊಂಡೇ ಹೊಲಕ್ಕ ಹೋಗತಿದ್ಲು, ರೊಟ್ಟಿ ಗಂಟಿನ ಬಾಜೂ."

ನನ್ನ ಕಣ್ಣು ಹುಡುಗಿಯ ಲಂಗದ ಮೇಲೆ ಬಿತ್ತು. ಬುಟ್ಟಿಯನ್ನು ಎದುರಿಗಿಟ್ಟುಕೊಂಡು, ಅದರ ಹೆಣಿಗೆ ನೋಡಿ ನೋಡಿ, ಲಂಗದ ನೆರಿಗೆಗಳಿಗೆ ಅಡ್ಡಗೆರೆ ಎಳೆಯುತ್ತಾ ಹೋದೆ. ಲಂಗ ಬುಟ್ಟಿಯಾಯಿತು. ಸೊಂಟದವರೆಗೆ ಹುಡುಗಿ ಅದರೊಳಗೆ ಇಳಿದು ಕೂತಳು.

ಅವಳು ಅಳುತ್ತಿದ್ದಳು, ನಾನೂ.

"ನೋಡ್ರಿ," ಅಂದಳು, "ಈಗೂ ಬೀಳಿಸಿಲ್ಲ."