ಅಕ್ಷತೆ ಹಾಕಿ ಓದಿದ ಕಾದಂಬರಿ

ಬೆರಳನ್ನು ನಾಲಿಗೆಗೆ ತಾಗಿಸದೆ ನನಗೆ ಪುಟ ಮಗುಚಲು ಬರುವುದಿಲ್ಲ. ಇದು ಕೆಟ್ಟ ಅಭ್ಯಾಸವೆಂದು ಮೇಷ್ಟ್ರು ಹೇಳಿದ್ದಾರೆ, ಹೆಂಡತಿ ಗಿರಿಜ ಹೇಳುತ್ತಲೇ ಇದ್ದಾಳೆ, ಗ್ರಂಥಾಲಯದ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದೂ ಇದೆ. ಏನು ಮಾಡಲಿ, ನನ್ನ ಓದು ಶುರುವಾಗುವುದೇ ಎಂಜಲಿನಿಂದ. ಇಂಥವನ ಕೈಗೆ ಮುಟ್ಟಿದರೆ ಪುಟ ತಿರುಗುವ ಇ-ಪುಸ್ತಕದ ಯಂತ್ರ ಸಿಕ್ಕರೆ ಏನಾಗಬೇಕು? ಮೊದಲ ದಿನವೇ ಒದ್ದೆ ಬೆರಳಿಟ್ಟೆ. ಹಸೆಮಣೆಯ ಮೇಲೆ ಕೂತಿದ್ದ ನಾಯಕಿ ಕಣ್ಣು ಮಿಟುಕಿಸುವುದರೊಳಗೆ ಮೊಮ್ಮಗನ ನಾಮಕರಣ ಮಾಡುತ್ತಿದ್ದಳು.

ಹಾಗೆಂದು ಅದನ್ನು ಪೂರಾ ಬೈಯುವಂತಿಲ್ಲ. ನಾನು ದಿನಾ ಮಧುಗಿರಿಯಿಂದ ಕೊರಟಗೆರೆಯ ಕಚೇರಿಗೆ ಖಾಸಗಿ ಬಸ್ಸಿನಲ್ಲಿ ಹೋಗಿಬರುವವನು. ಅಲ್ಲಿ ಒಂದು ಕೈ ಕಂಬಿಗೆ, ಇನ್ನೊಂದು ಕೈ ಊಟದ ಡಬ್ಬಿಗೆ. ದಪ್ಪ ಪುಸ್ತಕ ಓದಬೇಕೆಂದರೆ ರಾವಣನಾಗಿ ಹುಟ್ಟಿರಬೇಕು. ಈ ಯಂತ್ರವೋ, ಇಡೀ ಬೀರುವಿನ ಪುಸ್ತಕಗಳನ್ನು ನುಂಗಿಕೊಂಡೂ ಹಪ್ಪಳದಷ್ಟು ಹಗುರ. ಬೆಟ್ಟದ ಬಂಡೆ ಕಾದು ಊರೇ ಹೆಂಚಾಗುವ ಬಿಸಿಲಿನಲ್ಲೂ ಅಕ್ಷರ ಸ್ಪಷ್ಟ.

ಅದರ ದೋಷ ಒಂದೇ: ಮುಟ್ಟಿದವರು ಯಾರೆಂದು ಕೇಳುವುದಿಲ್ಲ. ನನ್ನದು ಹಳೆಯ ಮಾದರಿ, ಬೆರಳೇ ಆಗಬೇಕೆಂಬ ಹಟವೂ ಅದಕ್ಕಿಲ್ಲ. ಪಕ್ಕದವರ ಮೊಣಕೈ ತಾಗಿದರೂ ಪುಟ ತಿರುಗುತ್ತದೆ, ಸೆರಗು ಸೋಕಿದರೂ ತಿರುಗುತ್ತದೆ. ಒಮ್ಮೆ ಯಾರದೋ ಚೀಲದಿಂದ ಇಣುಕಿದ ಕೊತ್ತಂಬರಿ ಕಟ್ಟು ಕೊರಟಗೆರೆ ಬರುವಷ್ಟರಲ್ಲಿ ಎರಡು ಅಧ್ಯಾಯ ಓದಿ ಮುಗಿಸಿತ್ತು. ಅಷ್ಟು ವೇಗ ನನಗೆ ಈ ಜನ್ಮದಲ್ಲಿ ಬಾರದು.

ಕಳೆದ ದಸರೆಗೆ ರಾಯಚರ್ಲಿನಿಂದ ನಮ್ಮತ್ತೆ ಬಂದಿದ್ದರು. ಒಂದು ಕಾಲದಲ್ಲಿ ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂರುತ್ತಿದ್ದವರು. ಸಣ್ಣ ಅಕ್ಷರ ಕಾಣದೆ ಈಗ ಓದುವುದನ್ನೇ ಬಿಟ್ಟಿದ್ದರು. ಯಂತ್ರವನ್ನು ಕಂಡವರೇ, "ನಮ್ಮೂರಾಗೆ ಇಂಥ ಹಲಗೆ ಕಣ್ಣು ಹಾಯೋಗಂಟ ಇಕ್ಕವ್ರೆ. ಬಿಸಿಲಿಗೆ ಇಕ್ಕಿ ಅಳಿಯಂದ್ರೆ, ಕರೆಂಟ್ ಬತ್ತದೆ" ಎಂದರು. ಸೋಲಾರ್ ಪಾರ್ಕಿನ ಊರಿನವರ ಕಣ್ಣಿಗೆ ಅದು ಸೋಲಾರ್ ಹಲಗೆಯ ಮರಿಯಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಗಿರಿಜಳ ತಲೆನೋವು ಬೇರೆ. ಪುಸ್ತಕವಾದರೆ ಸರಸ್ವತಿ ಪೂಜೆಗೆ ಇಡಬೇಕು, ಯಂತ್ರವಾದರೆ ಆಯುಧಪೂಜೆಗೆ. "ರೀ, ಇದು ಪುಸ್ತಕಾನೋ ಮಿಷಿನ್ನೋ?" ಎಂದು ಕೇಳಿದಳು. ಮಹಾ ಜ್ಞಾನಿಯಂತೆ ನಾನು "ಆತ್ಮ ಪುಸ್ತಕದ್ದು, ದೇಹ ಮಾತ್ರ ಮಿಷಿನ್ನಿನದು" ಎಂದೆ. ಆ ಮಾತೇ ನನಗೆ ಮುಳುವಾಯಿತು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಯಂತ್ರ ದೇವರಮನೆಯಲ್ಲಿ ಸರಸ್ವತಿಯ ಪಟಕ್ಕೆ ಒರಗಿ ಕೂತಿತ್ತು.

ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ. ಹುಡುಗನಾಗಿದ್ದಾಗ ನಮ್ಮ ಧರ್ಮದಲ್ಲಿ ನನಗೆ ಬಹಳ ಹಿಡಿಸಿದ ನಿಯಮ ಇದು. ಗಣಿತದ ಪುಸ್ತಕವನ್ನು ಎಲ್ಲರಿಗಿಂತ ಮೊದಲು ಇಟ್ಟು ಭಕ್ತಿಯಿಂದ ಕೈಮುಗಿಯುತ್ತಿದ್ದೆ. ಆದರೆ ಈಗ ನಾನು ಪತ್ತೇದಾರಿ ಕಾದಂಬರಿಯೊಂದರ ಕೊನೆಯ ಅಧ್ಯಾಯದಲ್ಲಿದ್ದೆ. ಶ್ರೀಮಂತ ವಿಧವೆಯೊಬ್ಬಳು ಕಾಫಿ ಕುಡಿದು ಸತ್ತಿದ್ದಾಳೆ. ಡಾಕ್ಟರು, ಮ್ಯಾನೇಜರು, ತಮ್ಮ, ಅಳಿಯ ಎಲ್ಲರನ್ನೂ ಹಜಾರದಲ್ಲಿ ಕೂರಿಸಿ ಪತ್ತೇದಾರ ಗಂಟಲು ಸರಿಮಾಡಿಕೊಂಡಿದ್ದಾನೆ. ಅವನು ದಶಮಿಯವರೆಗೆ ಗಂಟಲು ಸರಿಮಾಡಿಕೊಳ್ಳುತ್ತಲೇ ಇರಬೇಕೇ? ನನಗೆ ಅಳು ಬರುವುದೊಂದು ಬಾಕಿ.

ಅಷ್ಟರಲ್ಲಿ ಅತ್ತೆ ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಪರದೆಯ ಮೇಲಂಚಿನಲ್ಲಿ ಅಡ್ಡಲಾಗಿ ಎಳೆದರು. ಶಿವನ ಮೂರು ಗೆರೆಯನ್ನು ಯಂತ್ರ ಏನೆಂದು ಅರ್ಥಮಾಡಿಕೊಂಡಿತೋ, ಅಕ್ಷರಗಳು ಊದಿಕೊಂಡು ಪುಟಕ್ಕೆ ಏಳೆಂಟೇ ಪದ ನಿಂತವು. ಅದರ ಮೇಲೆ ಗಿರಿಜ ಅಕ್ಷತೆ ಹಾಕಿದಳು. ಒಂದು ಕಾಳು ಪರದೆಯ ಬಲಗಡೆ ಬಿತ್ತು. ಪುಟ ತಿರುಗಿತು!

ನನ್ನ ಮೈಯಲ್ಲಿ ಮಿಂಚು ಸಂಚರಿಸಿತು. ಮುಟ್ಟಬಾರದು ನಿಜ, ಅಕ್ಷತೆ ಹಾಕಬಾರದೆಂದು ಯಾವ ಶಾಸ್ತ್ರದಲ್ಲಿದೆ? ಊಟವಾದ ಮೇಲೆ ದೇವರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಬಲಕ್ಕೊಂದು ಕಾಳು, ಒಂದು ಪುಟ. ಎಡಕ್ಕೆ ಬಿದ್ದರೆ ಹಿಂದಿನ ಪುಟ, ಪ್ರಾಯಶ್ಚಿತ್ತವಾಗಿ ಇನ್ನೆರಡು ಕಾಳು. ಓದುತ್ತಾ ತೂಕಡಿಸುವ ನನಗಾಗಿ ಯಂತ್ರ ನಿದ್ದೆ ಹೋಗದಂತೆ ಮೊದಲೇ ಏರ್ಪಾಟು ಮಾಡಿದ್ದೆ, ಅದೂ ಅನುಕೂಲಕ್ಕೆ ಬಂತು. ಏಳು ಪದಕ್ಕೊಂದು ಕಾಳು ಎಂದರೆ ಕೊಲೆಗಾರನನ್ನು ಹಿಡಿಯಲು ಸೇರು ಅಕ್ಕಿ ಬೇಕು. ಗಿರಿಜ ಎರಡು ಸಲ ಬಟ್ಟಲು ತುಂಬಿಕೊಟ್ಟಳು. "ನಮ್ಮೆಜಮಾನ್ರಿಗೆ ಈ ಸಲ ಅದೇನು ಭಕ್ತಿ ಬಂದ್ಬುಟ್ಟೈತೆ!" ಎಂದು ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ನಾಚಿಕೆಯಾಯಿತು, ಆದರೆ ಕೈ ನಿಲ್ಲಲಿಲ್ಲ.

ಅತ್ತೆಯೂ ಬಂದು ಪಕ್ಕದಲ್ಲಿ ಕೈಮುಗಿದು ಕೂತರು. ಕಳ್ಳನ ಪಕ್ಕ ಪೊಲೀಸು ಕೂತಂತಾಗಿ ನಾನು ಬಾಯಿಗೆ ಬಂದ ಶ್ಲೋಕವನ್ನೆಲ್ಲ ಗೊಣಗುತ್ತಾ ಕೈಯನ್ನು ನಿಧಾನ ಮಾಡಿದೆ. ಅವರು ಮೊಣಕೈಯಿಂದ ತಿವಿದರು.

"ಶ್ಲೋಕ ಆಮೇಲೆ ಹೇಳಿವ್ರಂತೆ. ಕಾಳು ಹಾಕಿ ಅಳಿಯಂದ್ರೆ, ಆ ಡಾಕ್ಟ್ರು ಯಾಕೆ ಬೆವರ್ತಾವ್ನೆ ನೋಡಾನ!"

ನಾನು ತಿರುಗಿ ನೋಡಿದೆ. ಕನ್ನಡಕವಿಲ್ಲ, ಕಣ್ಣು ಅರಳಿದೆ, ತುಟಿ ಒಂದೊಂದೇ ಪದವನ್ನು ಕೂಡಿಸುತ್ತಿದೆ. ಬೆಳಗ್ಗೆಯಿಂದ ನಾನು ಶಪಿಸುತ್ತಿದ್ದ ದಪ್ಪ ಅಕ್ಷರ ಅವರ ಕಣ್ಣಿಗೆ ಹಬ್ಬವಾಗಿತ್ತು. ಬಟ್ಟಲನ್ನು ಇಬ್ಬರ ನಡುವೆ ಇಟ್ಟೆ. ಅತ್ತೆಯ ಗುರಿ ನನಗಿಂತ ಚೆನ್ನಾಗಿತ್ತು, ಒಂದು ಕಾಳೂ ಎಡಕ್ಕೆ ಬೀಳಲಿಲ್ಲ.

ಡಾಕ್ಟರು ಪಾರಾದ. ಮ್ಯಾನೇಜರು ಪಾರಾದ. "ಕೊಲೆ ಮಾಡಿದವನು ಬೇರಾರೂ ಅಲ್ಲ" ಎಂದು ಪತ್ತೇದಾರ ಬೆರಳೆತ್ತಿದ. ಅತ್ತೆ ಕಾಳು ಹಾಕಿದರು. ಪರದೆಯ ಮೇಲೆ ಖಾಲಿ ಬ್ಯಾಟರಿಯ ಚಿತ್ರ ಬಂತು.

"ಅಯ್ಯೋ ದೇವುಡಾ!" ಎಂದು ಅತ್ತೆ ತಲೆ ಮೇಲೆ ಕೈ ಹೊತ್ತರು. ಎತ್ತಿಕೊಂಡು ಹೋಗಿ ಚಾರ್ಜಿಗೆ ಹಾಕೋಣವೆಂದು ನಾನು ಕೈ ಚಾಚಿದರೆ ಗಿರಿಜ ಅಡ್ಡ ಬಂದಳು. "ದಶಮಿಗೆ ಮುಂಚೆ ಕದಲಿಸಂಗಿಲ್ಲ ಅಂತ ನೀನೇ ತಾನೇ ಹೇಳ್ಕೊಟ್ಟಿದ್ದು, ಅವ್ವ?"

ಅತ್ತೆ ಒಂದು ಗಳಿಗೆ ಯೋಚಿಸಿದರು. ಅವರ ಮುಖದಲ್ಲಿ ಶಾಸ್ತ್ರಕ್ಕೂ ಕುತೂಹಲಕ್ಕೂ ನಡೆದ ಕುಸ್ತಿ ನನಗೆ ಕಾಣುತ್ತಿತ್ತು. ಕೊನೆಗೆ, "ಕದಲಿಸಬ್ಯಾಡ ಕಣಮ್ಮಿ. ಅಮ್ನೋರಿಗೆ ಹಸಿವಾಗೈತೆ. ಇದ್ದ ತಾವ್ಲೇ ನೈವೇದ್ಯ ಇಕ್ಕು, ಆ ವೈರು ತತ್ತಾ" ಎಂದರು.

ಹಜಾರದಿಂದ ದೇವರಮನೆಗೆ ಉದ್ದದ ವೈರು ಬಂತು. ಯಂತ್ರ ನೈವೇದ್ಯ ಸ್ವೀಕರಿಸಿ ಕಣ್ಣು ಬಿಡುವವರೆಗೆ ಗಿರಿಜಳೂ ನಮ್ಮ ಜೊತೆ ಕೂತಳು. ಅತ್ತೆ ಕೊನೆಯ ಕಾಳು ಹಾಕಿದರು. ಕೊಲೆಗಾರ ಅಳಿಯ.

ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು.

ಈಗ ಆ ಯಂತ್ರ ರಾಯಚರ್ಲಿನಲ್ಲಿದೆ, ಅಕ್ಷರ ಇನ್ನೂ ದಪ್ಪಗೇ ಇದೆ. ಎಷ್ಟೇ ಹೇಳಿದರೂ ಅತ್ತೆ ಬೆರಳು ಮುಟ್ಟಿಸುವುದಿಲ್ಲ, ಅಕ್ಕಿಕಾಳೇ ಆಗಬೇಕು. ನಾನು ಕಾಗದದ ಪುಸ್ತಕಕ್ಕೂ ಎಂಜಲಿಗೂ ಮರಳಿದ್ದೇನೆ. ಮುಟ್ಟುವ ಪರದೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರಾದರೂ ಕೇಳಿದರೆ ಹೇಳುವುದಿಷ್ಟೇ: ಓದು ಬಿಟ್ಟವರನ್ನು ಅದು ಓದಿಗೆ ಹಚ್ಚುತ್ತದೆ. ಆದರೆ ಅತ್ತೆಗೆ ಕೊಡುವ ಮುನ್ನ ಕಾದಂಬರಿಯ ಕೊನೆಯ ಪುಟ ನೋಡಿಕೊಳ್ಳಿ. ಮೊನ್ನೆ ಬಂದಾಗ ಅವರಿಗೆ ನನ್ನ ಕೈಯಾರೆ ಕಾಫಿ ಮಾಡಿಕೊಟ್ಟೆ. ಲೋಟವನ್ನು ನನ್ನ ಕಡೆಗೇ ತಳ್ಳಿ, "ಮೊದ್ಲು ನೀವು ಕುಡೀರಿ ಅಳಿಯಂದ್ರೆ" ಎಂದರು.